ಜೇಡ ಕಟ್ಟಿದ ಎಳೆ, ರೈಫಲ್ ಸ್ಕೋಪ್‌ನ ನಾಬ್: ವಿಲಿಯಂ ಗ್ಯಾಸ್ಕಾಯ್ನ್ ಕಥೆ

ಫಿಸಿಕ್ಸ್ ಲ್ಯಾಬ್‌ನಲ್ಲಿ ಸ್ಪೆಕ್ಟ್ರೋಮೀಟರ್ ಒಳಗಿನ ಕ್ರಾಸ್‌ವೈರ್ ನೋಡಿದ್ದೀವಿ. ಸ್ಕ್ರೂ ಗೇಜ್ ತಿರುಗಿಸಿ ಲೀಸ್ಟ್ ಕೌಂಟ್ ಬರೆದಿದ್ದೀವಿ. ಈ ಎರಡು ಐಡಿಯಾಗಳನ್ನೂ ದೂರದರ್ಶಕದೊಳಗೆ ತಂದವನು ವಿಲಿಯಂ ಗ್ಯಾಸ್ಕಾಯ್ನ್. ರೈಫಲ್ ಸ್ಕೋಪ್‌ನ ನಾಬ್‌ಗಳು ಏನು ಮಾಡ್ತವೆ ಅಂತ ಅರ್ಥ ಆಗಬೇಕಾದರೆ ಇವನಿಂದಲೇ ಶುರು ಮಾಡಬೇಕು.

ಹುಟ್ಟಿದ್ದು ಸುಮಾರು 1612ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ. ಆಕಾಶ ನೋಡೋ ಹುಚ್ಚು. 1639ರಲ್ಲಿ ಸೂರ್ಯನ ಮುಂದೆ ಶುಕ್ರ ಹಾದುಹೋದದ್ದನ್ನು ನೋಡಿದ್ದ ವಿಲಿಯಂ ಕ್ರ್ಯಾಬ್‌ಟ್ರೀ ಇವನ ಪತ್ರಮಿತ್ರ.

ಆ ಕಾಲಕ್ಕೇ, ಇವನ ದೂರದರ್ಶಕದೊಳಗೆ ಒಂದು ಜೇಡ ಎಳೆ ಕಟ್ಟಿತು. ಕಣ್ಣಿಟ್ಟು ನೋಡಿದರೆ ದೃಶ್ಯದ ಜೊತೆ ಎಳೆಯೂ ಸ್ಪಷ್ಟ! ಯಾಕಂದ್ರೆ ಎರಡು ಉಬ್ಬು ಮಸೂರಗಳ ದೂರದರ್ಶಕದಲ್ಲಿ ಬಿಂಬ ಮೂಡೋ ಜಾಗದಲ್ಲೇ ಆ ಎಳೆ ಇತ್ತು. ಬೇರೆಯವರಾಗಿದ್ದರೆ ಒರೆಸಿ ಸುಮ್ಮನಾಗ್ತಿದ್ದರೇನೋ. ಇವನು ಅದೇ ಜಾಗದಲ್ಲಿ ಗುರಿಗೆರೆ ಇಟ್ಟ. ಆಮೇಲೆ ಎರಡು ತೆಳು ಅಂಚುಗಳನ್ನಿಟ್ಟು, ಸ್ಕ್ರೂ ತಿರುಗಿಸಿ ಸರಿಸಿದ. ಎಷ್ಟು ಸುತ್ತು ಅಂತ ಎಣಿಸಿದರೆ ಕೋನ ಸಿಕ್ಕಿತು. ಚಂದ್ರನ, ಗ್ರಹಗಳ ಅಗಲ ಹೀಗೇ ಅಳೆದ.

ಸ್ಕೋಪ್‌ನಲ್ಲೂ ಇದೇ ಲೆಕ್ಕ. ಮೇಲಿನ ನಾಬ್ ಗುಂಡು ಬೀಳೋ ಜಾಗವನ್ನು ಮೇಲೆ-ಕೆಳಗೆ ಸರಿಸುತ್ತೆ, ಪಕ್ಕದ್ದು ಎಡ-ಬಲಕ್ಕೆ. ಎಷ್ಟೋ ಸ್ಕೋಪ್‌ಗಳಲ್ಲಿ ಒಂದು ಕ್ಲಿಕ್ ಅಂದ್ರೆ ಕಾಲು ಎಂಒಎ. ಒಂದು ಎಂಒಎ ಅಂದ್ರೆ ಡಿಗ್ರಿಯ 60ನೇ ಒಂದು ಭಾಗ. 100 ಗಜ ದೂರದಲ್ಲಿ ಅದು ಸುಮಾರು 1 ಇಂಚು. ಅಂದ್ರೆ 4 ಕ್ಲಿಕ್‌ಗೆ 1 ಇಂಚು. 200 ಗಜಕ್ಕೆ ಅದೇ 4 ಕ್ಲಿಕ್ 2 ಇಂಚು ಸರಿಸುತ್ತೆ. ಕೋನ ಅಷ್ಟೇ, ದೂರ ಮಾತ್ರ ಜಾಸ್ತಿ. ಕಣ್ಣಿನ ಕಡೆಯ ಉಂಗುರ ಗುರಿಗೆರೆಯನ್ನು ನಮ್ಮ ಕಣ್ಣಿಗೆ ಸ್ಪಷ್ಟ ಮಾಡುತ್ತೆ. ಪ್ಯಾರಲ್ಯಾಕ್ಸ್ ನಾಬ್ ಬಿಂಬವನ್ನು ಗೆರೆ ಇರೋ ಸಮತಲಕ್ಕೇ ತರುತ್ತೆ. ಇಲ್ಲಾಂದ್ರೆ ತಲೆ ಸ್ವಲ್ಪ ಅಲ್ಲಾಡಿದರೂ ಗುರಿ ಜಾರಿದ ಹಾಗೆ ಕಾಣುತ್ತೆ. ಜೇಡ ತೋರಿಸಿಕೊಟ್ಟ ಜಾಗ ಅದೇ ತಾನೇ!

ಆಗ ಇಂಗ್ಲೆಂಡಲ್ಲಿ ಅಂತರ್ಯುದ್ಧ. ಗ್ಯಾಸ್ಕಾಯ್ನ್ ರಾಜನ ಕಡೆ. 1644ರ ಜುಲೈ 2ರಂದು ಮಾರ್ಸ್ಟನ್ ಮೂರ್ ಯುದ್ಧದಲ್ಲಿ ಸತ್ತ. ವಯಸ್ಸು ಸುಮಾರು 32. ತನ್ನ ಯಂತ್ರದ ಬಗ್ಗೆ ಏನನ್ನೂ ಪ್ರಕಟಿಸಿರಲಿಲ್ಲ. ಅದೇ ವರ್ಷ ಕ್ರ್ಯಾಬ್‌ಟ್ರೀ ಕೂಡ ಹೋದ.

ಇಪ್ಪತ್ತು ವರ್ಷ ಕಳೆದ ಮೇಲೆ ಫ್ರಾನ್ಸಿನ ಅಡ್ರಿಯನ್ ಓಜೂ ಅಂಥದ್ದೇ ಮೈಕ್ರೋಮೀಟರ್ ಪ್ರಕಟಿಸಿದ. ಆಗ ಗ್ಯಾಸ್ಕಾಯ್ನ್‌ನ ಪತ್ರಗಳನ್ನು ಜೋಪಾನ ಮಾಡಿದ್ದ ರಿಚರ್ಡ್ ಟೌನ್ಲಿ ರಾಯಲ್ ಸೊಸೈಟಿಗೆ ಬರೆದು, ಇದನ್ನು ನಮ್ಮವನು ಮೊದಲೇ ಮಾಡಿದ್ದ ಅಂತ ತಿಳಿಸಿದ. 1667ರಲ್ಲಿ, ನಮ್ಮ ಸ್ಪ್ರಿಂಗ್ ನಿಯಮದ ರಾಬರ್ಟ್ ಹುಕ್ ಆ ಯಂತ್ರವನ್ನು ಚಿತ್ರ ಸಮೇತ ವಿವರಿಸಿದ.

ಆ ನಾಲ್ಕು ಪತ್ರ ಉಳಿಯದೇ ಇದ್ದಿದ್ದರೆ ಅವನ ಹೆಸರೂ ಉಳೀತಿರಲಿಲ್ಲ. ಲ್ಯಾಬ್ ರೆಕಾರ್ಡ್ ಬರೆಯೋಕೆ ಬೇಜಾರಾದಾಗ ನನಗೀಗ ಇವನೇ ನೆನಪಾಗ್ತಾನೆ.