ನ್ಯಾಯಮೂರ್ತಿ ಕೋಕಾ ಸುಬ್ಬರಾವ್ ಮತ್ತು ದಾರಿಹೋಕನ ಮಾನ

ಬೆಂಗಳೂರು-ಹೈದರಾಬಾದ್ ಹೆದ್ದಾರಿ ಕರ್ನಾಟಕವನ್ನು ದಾಟಿ ಆಂಧ್ರಪ್ರದೇಶವನ್ನು ಹೊಗುವಲ್ಲಿ ಹಿಂದೂಪುರದ ಸೆರಗಿನ ಚಿಲಮತ್ತೂರು ಮಂಡಲವಿದೆ. ತೆಲುಗಿನೊಡನೆ ಕನ್ನಡವೂ ಅಲ್ಲಿ ಮನೆಮಾತು. ಹೆದ್ದಾರಿಯ ಊರುಗಳಿಗೆಲ್ಲ ಇರುವ ಕಷ್ಟ ಅದಕ್ಕೂ ಇದೆ, ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆಗಳಿಗೂ ಇದೆ. ಬೈಕಿನಿಂದ ಉರುಳಿದವನ ಪಂಚೆ ಸರಿಪಡಿಸುವ ಕೈಗಿಂತ ಮೊದಲು ಮೊಬೈಲ್ ಹಿಡಿದ ಕೈ ಮೇಲೇಳುತ್ತದೆ. ಗಾಯಾಳು ಆಸ್ಪತ್ರೆ ಸೇರುವ ಮುನ್ನವೇ ಅವನ ಅವಸ್ಥೆ ವಾಟ್ಸಾಪಿನಲ್ಲಿ ಊರೂರು ಸುತ್ತಿರುತ್ತದೆ. ಕೇಳಿದರೆ, ನಡುಬೀದಿಯಲ್ಲಿ ನಡೆದುದಕ್ಕೆ ಗುಟ್ಟೆಲ್ಲಿಯದು ಎಂಬ ಉತ್ತರ ಸಿದ್ಧ. ಬೀದಿಗಿಳಿದವನಿಗೆ ಖಾಸಗಿತನವಿಲ್ಲವೆಂಬ ಈ ವಾದವನ್ನು ಅರುವತ್ತು ವರ್ಷಗಳ ಹಿಂದೆಯೇ ಒಪ್ಪದ ನ್ಯಾಯಾಧೀಶರೊಬ್ಬರಿದ್ದರು. ಚಿಲಮತ್ತೂರು, ಕಾಸರಗೋಡು ಎರಡೂ ಒಂದು ಕಾಲಕ್ಕೆ ಅವರ ನ್ಯಾಯಾಲಯದ ವ್ಯಾಪ್ತಿಯೊಳಗಿದ್ದವು ಎಂಬುದನ್ನು ಇಂದು ನೆನೆಯುವವರು ಕಡಿಮೆ.

ಕೋಕಾ ಸುಬ್ಬರಾವ್ 1902ರ ಜುಲೈ 15ರಂದು ಗೋದಾವರಿ ತೀರದ ರಾಜಮಹೇಂದ್ರಿಯಲ್ಲಿ ಜನಿಸಿದರು. ಮದರಾಸಿನಲ್ಲಿ ಕಾನೂನು ಓದಿ ಅಲ್ಲಿಯೇ ವಕೀಲಿ ನಡೆಸಿ ಹೆಸರು ಗಳಿಸಿದರು. ಮದರಾಸಿನ ಮುಖ್ಯ ನ್ಯಾಯಾಧೀಶರಾಗಿ ಪ್ರಸಿದ್ಧರಾದ ಪಿ.ವಿ. ರಾಜಮನ್ನಾರರು ಇವರ ಪತ್ನಿಯ ಸಹೋದರ. 1948ರಲ್ಲಿ ಸುಬ್ಬರಾಯರೂ ಅಲ್ಲಿನ ಹೈಕೋರ್ಟಿನ ನ್ಯಾಯಾಧೀಶರಾದರು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಹಿಂದೂಪುರ ಅನಂತಪುರ ಜಿಲ್ಲೆಯ ತಾಲೂಕು. ಎರಡೂ ಕಡೆಯ ಮೇಲ್ಮನವಿಗಳು ಹೋಗುತ್ತಿದ್ದುದು ಮದರಾಸಿಗೇ. 1953ರಲ್ಲಿ ಆಂಧ್ರ ಬೇರೆ ರಾಜ್ಯವಾಯಿತು. ಮರುವರ್ಷ ಗುಂಟೂರಿನಲ್ಲಿ ಅದರ ಹೈಕೋರ್ಟು ತೆರೆದಾಗ ಇವರೇ ಮೊದಲ ಮುಖ್ಯ ನ್ಯಾಯಾಧೀಶರು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಚಿಲಮತ್ತೂರಿನವರು ಮಾತ್ರ, 1958ರ ಜನವರಿ 31ರಂದು ಅವರು ಸುಪ್ರೀಂ ಕೋರ್ಟಿಗೆ ಹೋಗುವ ತನಕ, ಅವರ ವ್ಯಾಪ್ತಿಯಲ್ಲಿಯೇ ಉಳಿದರು.

ಅವರ ಹೆಸರು ಇಂದಿಗೂ ಉಳಿದಿರುವುದು ಸೋತ ಒಂದು ಅಭಿಪ್ರಾಯದಿಂದ. ಉತ್ತರಪ್ರದೇಶದ ಖರಕ್ ಸಿಂಗ್ ಎಂಬಾತನನ್ನು 1941ರಲ್ಲಿ ದರೋಡೆಯ ಸಂಶಯದ ಮೇಲೆ ಹಿಡಿದು, ಸಾಕ್ಷ್ಯವಿಲ್ಲದೆ ಬಿಟ್ಟಿದ್ದರು. ಆದರೆ ಠಾಣೆಯಲ್ಲಿ ಅವನ ಹೆಸರಿನ ಹಿಸ್ಟರಿ ಶೀಟ್ ತೆರೆಯಿತು. ಪೊಲೀಸರು ರಾತ್ರಿ ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ಅವನು ಊರು ಬಿಟ್ಟರೆ ಮುಂದಿನ ಠಾಣೆಗೆ ಸುದ್ದಿ ಹೋಗುತ್ತಿತ್ತು. ಅವನ ಅರ್ಜಿಯನ್ನು ಆರು ಮಂದಿ ನ್ಯಾಯಾಧೀಶರು ಕೇಳಿ 1962ರ ಡಿಸೆಂಬರ್ 18ರಂದು ತೀರ್ಪಿತ್ತರು. ರಾತ್ರಿ ಮನೆಗೆ ನುಗ್ಗುವುದು ತಪ್ಪು, ಆದರೆ ಹೊರಗೆ ಅವನ ಓಡಾಟವನ್ನು ಗಮನಿಸುವುದಕ್ಕೆ ಅಡ್ಡಿಯಿಲ್ಲ, ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿಲ್ಲ ಎಂದು ನಾಲ್ವರು ಹೇಳಿದರು. ಸುಬ್ಬರಾಯರು, ಜೊತೆಗೆ ಜೆ.ಸಿ. ಷಾ ಅವರು, ಒಪ್ಪಲಿಲ್ಲ. ಆ ಪದ ಸಂವಿಧಾನದಲ್ಲಿ ಇಲ್ಲದಿದ್ದರೂ ವೈಯಕ್ತಿಕ ಸ್ವಾತಂತ್ರ್ಯದ ಒಳಗೇ ಅದು ಅಡಗಿದೆಯೆಂದೂ, ಕೈಗೆ ಬೇಡಿಯಿಲ್ಲದಿದ್ದರೂ ಹೆಜ್ಜೆಹೆಜ್ಜೆಗೂ ಕಣ್ಣು ಬೆನ್ನಟ್ಟುವ ಮನುಷ್ಯ ಬಿಡುಗಡೆ ಪಡೆದವನಲ್ಲವೆಂದೂ ಸುಬ್ಬರಾಯರು ಬರೆದರು. ನನಗೆ ಇದರಲ್ಲಿ ದೊಡ್ಡದೆನಿಸುವುದು ಮನೆಯ ಮಾತಲ್ಲ, ರಸ್ತೆಯ ಮಾತು. ಮನೆಯ ಬಾಗಿಲಿನ ವಿಚಾರದಲ್ಲಿ ಆರು ಮಂದಿಯೂ ಒಂದೇ; ರಸ್ತೆಗಿಳಿದವನ ಪರ ನಿಂತವರು ಇಬ್ಬರೇ.

1966ರ ಜೂನ್ 30ರಂದು ಅವರು ದೇಶದ ಮುಖ್ಯ ನ್ಯಾಯಮೂರ್ತಿಗಳಾದರು. ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕುಗೊಳಿಸಲಾಗದೆಂಬ ಗೋಲಕನಾಥ ತೀರ್ಪು 1967ರ ಫೆಬ್ರವರಿಯಲ್ಲಿ ಬಂತು. ಎಪ್ರಿಲ್‌ನಲ್ಲಿ ರಾಜೀನಾಮೆಯಿತ್ತು ವಿರೋಧಪಕ್ಷಗಳ ಪರವಾಗಿ ರಾಷ್ಟ್ರಪತಿ ಚುನಾವಣೆಗೆ ನಿಂತು ಝಾಕಿರ್ ಹುಸೇನರ ಎದುರು ಸೋತರು. ನ್ಯಾಯಪೀಠದಿಂದ ನೇರವಾಗಿ ಚುನಾವಣೆಯ ಕಣಕ್ಕಿಳಿದುದು ಸರಿಯಲ್ಲವೆಂಬ ಟೀಕೆಯಲ್ಲಿ ಹುರುಳಿಲ್ಲವೆನ್ನಲಾಗದು. 1976ರ ಮೇ 6ರಂದು ತೀರಿಕೊಂಡರು. ತುರ್ತುಪರಿಸ್ಥಿತಿಯಲ್ಲಿ ಬಂಧಿತರು ಬಿಡುಗಡೆಗಾಗಿ ಕೋರ್ಟಿಗೆ ಬರುವಂತಿಲ್ಲವೆಂದು ಅದೇ ಸುಪ್ರೀಂ ಕೋರ್ಟು ಹೇಳಿ ಆಗ ಎಂಟು ದಿನಗಳಾಗಿದ್ದವು.

ಅವರ ಅಭಿಪ್ರಾಯಕ್ಕೆ ಜಯ ದೊರಕಿಸಿದವರು ಕನ್ನಡನಾಡಿನವರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಬಗ್ಗೆ 2012ರಲ್ಲಿ ಹೂಡಿದ ಅರ್ಜಿಯ ಮೇಲೆ, 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದರು. 1962ರ ಬಹುಮತ ಬಿದ್ದುಹೋಯಿತು, ಸುಬ್ಬರಾಯರ ಭಿನ್ನಮತ ನಿಂತಿತು. ಸಾರ್ವಜನಿಕ ಸ್ಥಳದಲ್ಲಿದ್ದ ಮಾತ್ರಕ್ಕೆ ಮನುಷ್ಯನ ಖಾಸಗಿತನ ಕಳೆದುಹೋಗುವುದಿಲ್ಲವೆಂಬ ಮಾತೂ ಆ ತೀರ್ಪಿನಲ್ಲಿದೆ.

ಖರಕ್ ಸಿಂಗನ ಬೆನ್ನ ಹಿಂದೆ ಇದ್ದುದು ಪೊಲೀಸರು. ಬಿದ್ದವನ ಸುತ್ತ ಇಂದು ನಿಲ್ಲುವುದು ಅಕ್ಕಪಕ್ಕದವರು. ಮೂಲಭೂತ ಹಕ್ಕು ಮುಖ್ಯವಾಗಿ ಸರಕಾರದ ವಿರುದ್ಧದ ರಕ್ಷಣೆ. ನೆರೆಯವನ ಮೊಬೈಲಿಗೆ ಬೇರೆ ಕಾನೂನು ಬೇಕು. ಅದು ಸ್ವಲ್ಪಮಟ್ಟಿಗೆ ಇದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮಿನಂತೆ, ಒಪ್ಪಿಗೆಯಿಲ್ಲದೆ ಒಬ್ಬರ ಗುಪ್ತಾಂಗದ ಚಿತ್ರವನ್ನು ಬೇಕೆಂದೇ ತೆಗೆಯುವವನಷ್ಟೇ ಅಲ್ಲ, ಪ್ರಕಟಿಸುವವನೂ ರವಾನಿಸುವವನೂ ತಪ್ಪಿತಸ್ಥರು. ಸ್ಥಳ ಸಾರ್ವಜನಿಕವೆಂಬುದು ನೆಪವಾಗದು. ಶಿಕ್ಷೆ ಮೂರು ವರ್ಷಗಳ ತನಕ ಸೆರೆ, ಇಲ್ಲವೆ ಎರಡು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ಕೇರಳದಲ್ಲಿರುವ ನಮಗೆ 2011ರ ಪೊಲೀಸ್ ಕಾಯಿದೆಯ 119ನೆಯ ಕಲಮೂ ಇದೆ. ಮಹಿಳೆಯರ ಖಾಸಗಿತನಕ್ಕೆ ಧಕ್ಕೆಯಾಗುವಂತೆ ಚಿತ್ರ ತೆಗೆದು ಹರಡುವುದು ಅದರಂತೆ ಎಲ್ಲಿಯಾದರೂ ಅಪರಾಧ. ಅಪಘಾತದಲ್ಲಿ ನೆರವಾದವರಿಗೆ ಕಾನೂನು ತೊಡಕು ಬರದಂತೆ 2019ರ ಮೋಟಾರು ವಾಹನ ತಿದ್ದುಪಡಿ ಕಾಪಾಡುತ್ತದೆ. ನಿಂತು ಚಿತ್ರ ಹಿಡಿದವರಿಗೆ ಆ ರಕ್ಷಣೆಯಿಲ್ಲ.

ಬಟ್ಟೆ ಸರಿಯಾಗಿಯೇ ಇದ್ದು ಮುಖ ಮಾತ್ರ ಕಾಣುವ ಚಿತ್ರವಾದರೆ ಈ ಕಲಮುಗಳು ಸುಲಭವಾಗಿ ಅನ್ವಯಿಸವು. 2015ರಲ್ಲಿ ದೆಹಲಿಯ ಮೆಟ್ರೋ ರೈಲಿನಲ್ಲಿ ತೂರಾಡಿ ಬಿದ್ದ ಪೊಲೀಸನೊಬ್ಬನನ್ನು ಕುಡುಕನೆಂದು ದೇಶವಿಡೀ ನಕ್ಕಿತು, ಇಲಾಖೆ ಅಮಾನತಿನಲ್ಲಿಟ್ಟಿತು. ಆತ ಹಿಂದೆ ಮಿದುಳಿನ ಆಘಾತಕ್ಕೆ ತುತ್ತಾಗಿದ್ದವನೆಂಬುದು ತಿಳಿದದ್ದು ಆಮೇಲೆ. ಅಂಥವರು ನಷ್ಟಪರಿಹಾರಕ್ಕಾಗಿ ಸಿವಿಲ್ ದಾವೆಯನ್ನೇ ಹೂಡಬೇಕು. ಒಬ್ಬರ ಖಾಸಗಿ ಸಂಗತಿಯನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸಿದರೆ, ಅದು ನಿಜವೇ ಆಗಿದ್ದರೂ, ಪ್ರಕಟಿಸಿದವರು ಹೊಣೆಯೆಂದ ಸುಪ್ರೀಂ ಕೋರ್ಟಿನ 1994ರ ರಾಜಗೋಪಾಲ್ ತೀರ್ಪು ಅದಕ್ಕೆ ಆಧಾರ.