ಹೊಲದಿಂದ ಎಂಜಿನ್‌ವರೆಗೆ: ರೊನಾಲ್ಡ್ ಫಿಶರ್

ಪೆಟ್ರೋಲ್ ಎಂಜಿನ್ ಕಡಿಮೆ ಇಂಧನದಲ್ಲಿ ಹೆಚ್ಚು ಶಕ್ತಿ ಕೊಡಬೇಕಾದರೆ ನೀವು ಏನು ಮಾಡುವಿರಿ? ಮೊದಲು ಗಾಳಿ-ಇಂಧನದ ಪ್ರಮಾಣ, ಆಮೇಲೆ ಕಿಡಿ ಹಾರುವ ಸಮಯ, ಹೀಗೆ ಒಂದೊಂದನ್ನೇ ಬದಲಿಸಿ ನೋಡುವಿರಿ, ಅಲ್ಲವೇ? ಆದರೆ ಇಂಧನ ಕಡಿಮೆಯಿರುವ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಅದಕ್ಕೆ ಕಿಡಿ ಮುಂಚೆಯೇ ಹಾರಬೇಕು. ಒಂದಕ್ಕೊಂದು ಇರುವ ಈ ನಂಟನ್ನು ಹಿಡಿಯುವ ದಾರಿ ತೋರಿದವರು ರೊನಾಲ್ಡ್ ಫಿಶರ್.

1890ರಲ್ಲಿ ಲಂಡನ್ನಿನಲ್ಲಿ ಜನಿಸಿದ ಅವರ ದೃಷ್ಟಿ ಬಹಳ ಮಂದ. ದೀಪದ ಬೆಳಕಿನಲ್ಲಿ ಓದುವಂತಿರಲಿಲ್ಲ; ಲೆಕ್ಕಗಳನ್ನು ಮನಸ್ಸಿನಲ್ಲೇ ಬಿಡಿಸುವುದನ್ನು ರೂಢಿಸಿಕೊಂಡರು. ಕೇಂಬ್ರಿಡ್ಜ್‌ನಲ್ಲಿ ಕಲಿತರು. ಮೊದಲ ಮಹಾಯುದ್ಧದಲ್ಲಿ ಸೈನ್ಯ ಅವರನ್ನು ತೆಗೆದುಕೊಳ್ಳಲಿಲ್ಲ. ಅವರು ಶಾಲಾ ಶಿಕ್ಷಕರಾದರು!

1919ರಲ್ಲಿ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದರು. ಅಲ್ಲಿ ಹಲವು ಗೊಬ್ಬರಗಳನ್ನು ಒಟ್ಟಿಗೆ ಪರೀಕ್ಷಿಸುವ, ಯಾವ ತುಂಡು ನೆಲಕ್ಕೆ ಯಾವುದೆಂದು ಚೀಟಿ ಎತ್ತಿದಂತೆ ಆರಿಸುವ ಕ್ರಮ ರೂಪಿಸಿದರು. 1935ರಲ್ಲಿ ಪ್ರಯೋಗ ವಿನ್ಯಾಸದ ಕುರಿತು ಅವರ ಗ್ರಂಥ ಹೊರಬಂತು. ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೂ ಅವರು ಬಂದಿದ್ದರು.

ಅದೇ ಕ್ರಮ ಮುಂದೆ ಎಂಜಿನ್ ಪರೀಕ್ಷೆಗೂ ಬಂತು. ಮೂರು ಅಂಶಗಳು, ತಲಾ ಎರಡು ಮಟ್ಟ: ಕೇವಲ 8 ಪ್ರಯೋಗಗಳಲ್ಲಿ ಪ್ರತಿಯೊಂದರ ಪರಿಣಾಮವೂ ಅವುಗಳ ನಂಟೂ ತಿಳಿಯುತ್ತದೆ. ಸಮಯ, ಇಂಧನ ಎರಡೂ ಉಳಿತಾಯ.

ಇಂಥ ವಿದ್ವಾಂಸರೂ ಎಡವಿದರು. ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂಬುದನ್ನು ಒಪ್ಪಲಿಲ್ಲ. ಕಾಲ ಅವರನ್ನು ತಪ್ಪೆಂದು ತೋರಿಸಿತು. 1962ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನಿಧನರಾದರು.

ಮಕ್ಕಳೇ, ಹೇಳಿದವರು ಎಷ್ಟೇ ದೊಡ್ಡವರಾದರೂ ಪರೀಕ್ಷಿಸಿ ನೋಡಿ. ಫಿಶರ್ ಕೊಟ್ಟ ವಿಧಾನವೇ ನಮಗೆ ಕಲಿಸುವ ಪಾಠವಿದು.