ತೊದಲುತ್ತಲೇ ಪ್ರೊಫೆಸರ್ ಆದ ವೆಂಡೆಲ್ ಜಾನ್ಸನ್

ಪಿಯುಸಿ ಮುಗಿಯುತ್ತಿದ್ದಂತೆ ನಮ್ಮ ಮನೆಗಳಲ್ಲಿ ಕೇಳಿಬರುವುದು ಎರಡೇ ಹೆಸರು: ಡಾಕ್ಟರ್, ಇಂಜಿನಿಯರ್. ಮಾತು ಮತ್ತು ಶ್ರವಣದ ತೊಂದರೆಗಳನ್ನು ಅಭ್ಯಸಿಸುವ ವಿಜ್ಞಾನವೊಂದಿದೆ, 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅದನ್ನು ಕಲಿಯಬಹುದು ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಆ ದಾರಿ ಹಿಡಿಯಬಯಸುವವರು ಅಮೆರಿಕದ ವೆಂಡೆಲ್ ಜಾನ್ಸನ್ ಅವರ ಬದುಕನ್ನು ಅರಿತಿರಬೇಕು. ಅದರ ಬೆಳಕನ್ನೂ, ಕತ್ತಲನ್ನೂ.

1906ರಲ್ಲಿ ಕಾನ್ಸಾಸ್ ರಾಜ್ಯದ ರಾಕ್ಸ್‌ಬರಿಯಲ್ಲಿ ಹುಟ್ಟಿದ ಜಾನ್ಸನ್ ಐದಾರು ವರ್ಷದವರಿದ್ದಾಗಲೇ ತೊದಲತೊಡಗಿದರು. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಎದ್ದು ಹೇಳಲಾಗದ ಸಂಕಟ ಎಂಥದ್ದೆಂದು ನಿಮ್ಮಲ್ಲಿ ಕೆಲವರಿಗಾದರೂ ತಿಳಿದಿರಬಹುದು. 1926ರಲ್ಲಿ ಅವರು ಅಯೋವಾ ವಿಶ್ವವಿದ್ಯಾನಿಲಯ ಸೇರಿದರು. ಅಲ್ಲಿ ಲೀ ಎಡ್ವರ್ಡ್ ಟ್ರಾವಿಸ್ ತೊದಲಿನ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ಮೆದುಳಿನ ಎರಡು ಪಾರ್ಶ್ವಗಳ ನಡುವಿನ ಹೊಂದಾಣಿಕೆ ತಪ್ಪುವುದೇ ತೊದಲಿಗೆ ಕಾರಣವೆಂಬುದು ಅವರ ವಾದ. ಜಾನ್ಸನ್ ಅಲ್ಲಿ ವಿದ್ಯಾರ್ಥಿಯೂ ಹೌದು, ಪ್ರಯೋಗಕ್ಕೊಳಗಾದ ರೋಗಿಯೂ ಹೌದು. ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಎಡಗೈಯ ಮನುಷ್ಯನಾಗಲು ಹೆಣಗಿದರು. ತೊದಲು ಹೋಗಲಿಲ್ಲ! ಆದರೂ 1931ರಲ್ಲಿ ಪಿಎಚ್.ಡಿ. ಪಡೆದು ಅದೇ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು.

ಚಿಕ್ಕ ಮಕ್ಕಳೆಲ್ಲ ಮಾತು ಕಲಿಯುವಾಗ ಸ್ವಲ್ಪ ತಡವರಿಸುತ್ತಾರೆ. ಹಿರಿಯರು ಅದನ್ನು ದೋಷವೆಂದು ಮತ್ತೆ ಮತ್ತೆ ಎತ್ತಿ ತೋರಿಸಿದರೆ ಮಗು ಹೆದರಿ ನಿಜವಾಗಿಯೇ ತೊದಲತೊಡಗುತ್ತದೆ ಎಂಬ ತೀರ್ಮಾನಕ್ಕೆ ಜಾನ್ಸನ್ ಬಂದರು. ಬಹುಕಾಲ ಈ ವಾದಕ್ಕೆ ಮನ್ನಣೆಯಿತ್ತು. ಆದರೆ ತೊದಲಿನ ಮೂಲದಲ್ಲಿ ಅನುವಂಶೀಯತೆ ಮತ್ತು ಮೆದುಳಿನ ರಚನೆಯ ಪಾತ್ರವಿದೆ ಎಂದು ಈಗ ತಿಳಿದಿದೆ.

ಈ ವಾದವನ್ನು ಪರೀಕ್ಷಿಸಲು 1939ರಲ್ಲಿ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಮೇರಿ ಟ್ಯೂಡರ್ ಡೇವನ್‌ಪೋರ್ಟಿನ ಅನಾಥಾಲಯದ 22 ಮಕ್ಕಳನ್ನು ಆರಿಸಿಕೊಂಡರು. ಅವರಲ್ಲಿ ಚೆನ್ನಾಗಿಯೇ ಮಾತಾಡುತ್ತಿದ್ದ ಆರು ಮಕ್ಕಳಿಗೆ, ನಿಮ್ಮ ಮಾತು ಕೆಟ್ಟಿದೆ, ಸರಿಯಾಗಿ ಬರದಿದ್ದರೆ ಮಾತಾಡಲೇಬೇಡಿ ಎಂದು ತಿಂಗಳುಗಟ್ಟಲೆ ಹೇಳಲಾಯಿತು. ಮಕ್ಕಳು ಖಾಯಂ ತೊದಲರಾದರೆಂದು ಹೇಳಲಾಗದು. ಆದರೆ ಬಾಯಿ ತೆರೆಯಲೇ ಅಂಜುವಂತಾದರು. ಟ್ಯೂಡರ್ ಆಮೇಲೆ ಮರಳಿ ಹೋಗಿ ಸರಿಪಡಿಸಲು ನೋಡಿದರೂ ಆದ ಗಾಯ ಮಾಯಲಿಲ್ಲ. ತೊದಲಿನ ನೋವನ್ನು ಸ್ವತಃ ಉಂಡವರೇ ಇದಕ್ಕೆ ಒಪ್ಪಿದರಲ್ಲ ಎಂಬುದು ನನಗಂತೂ ಜೀರ್ಣವಾಗದ ಸಂಗತಿ. ಆ ಪ್ರಬಂಧ ಪ್ರಕಟವಾಗದೆ ಗ್ರಂಥಾಲಯದಲ್ಲೇ ಉಳಿಯಿತು.

ಜಾನ್ಸನ್ ಮಾತ್ರ ಗ್ರಂಥಗಳನ್ನು ಬರೆದರು, ನೂರಾರು ತೊದಲುವವರಿಗೆ ಧೈರ್ಯ ತುಂಬಿದರು. 1965ರ ಆಗಸ್ಟ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು 59. ವಿಶ್ವವಿದ್ಯಾನಿಲಯದ ವಾಕ್ ಶ್ರವಣ ಕೇಂದ್ರಕ್ಕೆ ಅವರದೇ ಹೆಸರಿಟ್ಟರು. 2001ರಲ್ಲಿ ಪತ್ರಿಕೆಯೊಂದು ಅನಾಥಾಲಯದ ಸಂಗತಿಯನ್ನು ಬಯಲಿಗೆಳೆದಾಗ ಅದೇ ವಿಶ್ವವಿದ್ಯಾನಿಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ಸರಕಾರ 9,25,000 ಡಾಲರ್ ಪರಿಹಾರಕ್ಕೆ ಒಪ್ಪಿತು. ಆ ಮಕ್ಕಳಲ್ಲಿ ಬದುಕುಳಿದಿದ್ದವರು ಆಗ ಎಪ್ಪತ್ತು ದಾಟಿದ್ದರು.